ಸರ್ವರ್ ಬಿದ್ದರೆ ನಷ್ಟ ಯಾರದು?

2025ರ ಏಪ್ರಿಲ್ 12, ದವನದ ಹುಣ್ಣಿಮೆ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಜನ ಹರಿದು ಬರುವ ದಿನ. ಅಂದೇ ದೇಶದುದ್ದಕ್ಕೂ ಯುಪಿಐ ಕೈಕೊಟ್ಟಿತು. ಮಾರ್ಚ್ 26ರಂದೂ ಹೀಗೇ ಆಗಿತ್ತು. ಕಾಯಿ-ಕರ್ಪೂರ, ಭಂಡಾರ, ಬಳೆ ಮಾರುವವರ ಮುಂದೆ ಈಗ ಕ್ಯೂಆರ್ ಹಾಳೆ ಇರುತ್ತದೆ. ನೋಟು ಇಟ್ಟುಕೊಂಡು ಬರುವವರು ಕಡಿಮೆಯಾಗುತ್ತಿದ್ದಾರೆ. ಜಾತ್ರೆಯ ವ್ಯಾಪಾರಿಗೆ ಹುಣ್ಣಿಮೆ ಕೈತಪ್ಪಿದರೆ ಮರುದಿನ ಆ ಗಿರಾಕಿ ಸಿಗುವುದಿಲ್ಲ. ಅಂದು ಯುಪಿಐ ಕೈಕೊಟ್ಟ ಕಾರಣ ಆಮೇಲೆ ಗೊತ್ತಾಯಿತು: ವಹಿವಾಟು ಏನಾಯಿತೆಂದು ಕೆಲವು ಬ್ಯಾಂಕುಗಳ ಕಂಪ್ಯೂಟರುಗಳು ಬಿಡುವಿಲ್ಲದೆ ವಿಚಾರಿಸಿ, ಯುಪಿಐ ನಡೆಸುವ ಎನ್‌ಪಿಸಿಐನ ವ್ಯವಸ್ಥೆಗೆ ಉಸಿರು ಕಟ್ಟಿಸಿದ್ದವು. ಅದರಲ್ಲಿ ಗಿರಾಕಿಯ ತಪ್ಪೂ ಇರಲಿಲ್ಲ, ಅಂಗಡಿಯವನ ತಪ್ಪೂ ಇರಲಿಲ್ಲ.

ನಮ್ಮ ಕಡೆ ಇದಕ್ಕೆಲ್ಲ ಒಂದೇ ಉತ್ತರ: "ಸರ್ವರ್ ಇಲ್ರೀ, ನಾಳಿ ಬರ್ರಿ." ಉತಾರ ತೆಗೆಸಲು ಬಂದ ರೈತ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಿಂತ ಮುದುಕಿ, ಇಬ್ಬರೂ ಇದನ್ನು ಕೇಳಿ ಮರುಮಾತಿಲ್ಲದೆ ಮರಳುತ್ತಾರೆ. ಒಂದು ದಿನದ ಕೂಲಿ, ಬಸ್ ಚಾರ್ಜು ಅವರ ಕೈಯಿಂದಲೇ ಹೋಗುತ್ತದೆ. ಇಷ್ಟು ತಾಳ್ಮೆ ತೋರುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಬೈಲಹೊಂಗಲದ ಪೇಟೆಯಲ್ಲಿ ಹತ್ತಿ ತೂಗುವ ಎಲೆಕ್ಟ್ರಾನಿಕ್ ಕಾಟಾ ನೋಡಿ. ಅದರ ಒಳಗೆ ಇರುವುದೂ ಸಾಫ್ಟ್‌ವೇರೇ. ಆದರೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಡಿ ಅದನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಒತ್ತಿಸಬೇಕು. ತೂಕದಲ್ಲಿ ಮೋಸವಾದರೆ ದಂಡ ಬೀಳುತ್ತದೆ. ಅದೇ ಅಂಗಡಿಯ ಮೇಜಿನ ಮೇಲೆ, ಆ ತೂಕಕ್ಕೆ ದರ ಕಟ್ಟಿ, ಹಮಾಲಿ ಕಳೆದು ಪಟ್ಟಿ ತೆಗೆಯುವ ಸಾಫ್ಟ್‌ವೇರ್‌ಗೆ ಯಾರ ಮುದ್ರೆಯೂ ಇಲ್ಲ. ರೊಕ್ಕ ಕೊಟ್ಟು ತಂದ ಇಂಥ ಸಾಫ್ಟ್‌ವೇರ್‌ಗಳಲ್ಲಿ ಮೊದಲ ದಿನ 'ಒಪ್ಪಿಗೆ' ಎಂದು ಒತ್ತುವ ಆ ಉದ್ದನೆಯ ಕರಾರಿನಲ್ಲಿ ಸಾಮಾನ್ಯವಾಗಿ ಇರುವ ಮಾತು ಇಷ್ಟೇ: ಇದ್ದದ್ದು ಇದ್ದಂತೆ ಕೊಟ್ಟಿದ್ದೇವೆ, ನಷ್ಟವಾದರೆ ನಮ್ಮನ್ನು ಕೇಳಬೇಡಿ. ಕಾಟಾ ಮಾರುವವನು ಹೀಗೆಂದರೆ ಪೇಟೆ ಅವನನ್ನು ಒಳಗೆ ಬಿಟ್ಟುಕೊಳ್ಳುತ್ತಿತ್ತೇ?

ದೋಷವೇ ಇಲ್ಲದ ಸಾಫ್ಟ್‌ವೇರ್ ಬರೆಯಲಾಗದು ಎಂದು ಎಂಜಿನಿಯರುಗಳು ಹೇಳುತ್ತಾರೆ. ಅದು ನಿಜ, ಒಪ್ಪುತ್ತೇನೆ. 2021ರ ಜೂನ್ 7ರಂದು ಶುರುವಾದ ಆದಾಯ ತೆರಿಗೆಯ ಹೊಸ ಪೋರ್ಟಲ್ ಕಟ್ಟಿದ್ದು ನಮ್ಮದೇ ಬೆಂಗಳೂರಿನ ಇನ್ಫೋಸಿಸ್. ತಿಂಗಳುಗಟ್ಟಲೆ ಅದು ತೊಂದರೆ ಕೊಟ್ಟಿತು. ಬಡ್ಡಿ ಮತ್ತು ವಿಳಂಬ ಶುಲ್ಕವನ್ನು ತಪ್ಪಾಗಿ ಲೆಕ್ಕ ಹಾಕಿದ್ದನ್ನು ಇಲಾಖೆಯೇ ಒಪ್ಪಿಕೊಂಡು ಆಗಸ್ಟ್‌ನಲ್ಲಿ ಸರಿಪಡಿಸಿತು. ಹಣಕಾಸು ಸಚಿವರು ಕಂಪನಿಯ ಮುಖ್ಯಸ್ಥರನ್ನು ಕರೆಸಿ ಗಡುವು ಕೊಡಬೇಕಾಯಿತು. ಅಷ್ಟು ದೊಡ್ಡವರ ಕೈಯಲ್ಲೂ ತಪ್ಪು ಆಗುತ್ತದೆ. ಆದರೆ ತಪ್ಪು ಆಗುವುದು ಸಹಜವೆಂದ ಮಾತ್ರಕ್ಕೆ ಅದರ ನಷ್ಟವನ್ನು ಬಳಸುವವನೇ ಹೊರಬೇಕು ಎಂದಾಗುವುದಿಲ್ಲ. ಕರೆಸಿ ಕೇಳಲು ಕಿತ್ತೂರಿನ ಕಿರಾಣಿ ಅಂಗಡಿಯವನ ಹಿಂದೆ ಯಾವ ಸಚಿವರಿದ್ದಾರೆ?

ರಿಸರ್ವ್ ಬ್ಯಾಂಕ್ ಒಂದು ದಾರಿ ತೋರಿಸಿದೆ. 2019ರ ಸೆಪ್ಟೆಂಬರ್ 20ರ ಅದರ ಸುತ್ತೋಲೆಯ ಪ್ರಕಾರ, ಎಟಿಎಂ ಖಾತೆಯಿಂದ ರೊಕ್ಕ ಕಳೆದು ನೋಟು ಕೊಡದಿದ್ದರೆ ಐದು ದಿನದೊಳಗೆ ಮರಳಿಸಬೇಕು. ಯುಪಿಐಯಲ್ಲಿ ಕಳಿಸಿದ್ದು ಇನ್ನೊಬ್ಬರ ಖಾತೆಗೆ ಮುಟ್ಟದಿದ್ದರೆ ಒಂದೇ ದಿನ ಗಡುವು. ಅಂಗಡಿಗೆ ಕೊಟ್ಟದ್ದಾದರೆ ಐದು ದಿನ. ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕ ದೂರು ಕೊಡುವ ಮುಂಚೆಯೇ. ಯುಪಿಐ ಬಳಸಲು ನಾವು ಶುಲ್ಕ ಕೊಡುವುದಿಲ್ಲ, ಆದರೂ ಈ ಹೊಣೆ ಬ್ಯಾಂಕಿನ ಮೇಲಿದೆ. ಪುಕ್ಕಟೆ ಸೇವೆಗೇ ಇದು ಸಾಧ್ಯವಾದರೆ, ಸಾವಿರಾರು ರೂಪಾಯಿಗೆ ಮಾರುವ ಸಾಫ್ಟ್‌ವೇರ್‌ಗೆ ಏಕೆ ಸಾಧ್ಯವಿಲ್ಲ? ಯುರೋಪಿನ ಒಕ್ಕೂಟ 2024ರಲ್ಲಿ ತನ್ನ ಉತ್ಪನ್ನ ಹೊಣೆಗಾರಿಕೆಯ ನಿಯಮಕ್ಕೆ ಸಾಫ್ಟ್‌ವೇರ್ ಅನ್ನೂ ಸೇರಿಸಿತು.

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಸಾಫ್ಟ್‌ವೇರ್ ಕೊಂಡಿದ್ದರೆ ರಾಮದುರ್ಗದ ನೇಕಾರನೂ ಗ್ರಾಹಕನೇ. ಕಂಪನಿ ಎಲ್ಲೇ ಇರಲಿ, ಅವನು ಬೆಳಗಾವಿಯ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ಆದರೆ ಪುಕ್ಕಟೆ ಸೇವೆ ಈ ಕಾಯ್ದೆಯ ಹೊರಗಿದೆ.

ಇನ್ನು ಸರ್ಕಾರಿ ಕಚೇರಿಗೆ, ಸೇವೆಗೆ ಗಡುವು ಹಾಕುವ ಸಕಾಲ ಕಾಯ್ದೆ ಇದೆಯಲ್ಲ ಎನ್ನಬಹುದು. 2011ರ ಆ ಕಾಯ್ದೆಯಲ್ಲಿ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರವಿದೆ. ತೊಡಕು ಇರುವುದು ಲೆಕ್ಕ ಶುರುವಾಗುವ ಕಡೆ. ಅರ್ಜಿಗೆ ಸ್ವೀಕೃತಿ ಸಂಖ್ಯೆ ಸಿಕ್ಕ ಮೇಲೆಯೇ ದಿನ ಎಣಿಸುವುದು. ಆ ಸಂಖ್ಯೆ ಕೊಡುವುದು ಕಂಪ್ಯೂಟರ್. ಅದೇ ನಿಂತಾಗ "ನಾಳಿ ಬರ್ರಿ" ಅನ್ನಿಸಿಕೊಂಡವನ ಹೆಸರು ಎಲ್ಲೂ ದಾಖಲಾಗುವುದಿಲ್ಲ. ಆದ್ದರಿಂದ ಸರ್ವರ್ ನಿಂತ ಹೊತ್ತಿನಲ್ಲಿ ತಾರೀಖು, ವೇಳೆ ಬರೆದು ಸಹಿ ಹಾಕಿದ ಚೀಟಿ ಕೊಡುವುದು ಪ್ರತಿ ಕೌಂಟರಿನಲ್ಲೂ ಕಡ್ಡಾಯವಾಗಬೇಕು, ಗಡುವಿನ ಲೆಕ್ಕ ಆ ಚೀಟಿಯಿಂದಲೇ ಶುರುವಾಗಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಒಂದು ಸರ್ಕಾರಿ ಆದೇಶ ಸಾಕು. ಅಲ್ಲಿಯವರೆಗೆ ನಾವು ಬಾಯಿಬಿಟ್ಟು ಕೇಳೋಣ: "ಸರ್ವರ್ ಇಲ್ಲಂತ ಬರದ ಕೊಡ್ರಿ."