ಗುಳಿಗೆ ಬಿಡುವುದು ತವಕ್ಕುಲ್ ಅಲ್ಲ

ಮೈಸೂರಿನ ಉದಯಗಿರಿ, ರಾಜೀವನಗರ, ಮಂಡಿ ಮೊಹಲ್ಲಾಗಳಲ್ಲಿ 'ಬಿ.ಪಿ.' ಎಂಬ ಮಾತು ಕೇಳದ ಮನೆಯಿರಲಾರದು. ಆದರೆ ಅದಕ್ಕೆ ತಪ್ಪದೆ ಚಿಕಿತ್ಸೆ ಪಡೆಯುವವರು ನಮ್ಮಲ್ಲಿ ಎಷ್ಟು ಮಂದಿ? ತಲೆ ಸುತ್ತಿದಾಗ ವೈದ್ಯರ ಬಳಿ ಓಡುತ್ತೇವೆ. ಸುತ್ತು ನಿಂತರೆ ರೋಗವೇ ಹೋಯಿತೆಂದು ಗುಳಿಗೆ ಬಿಡುತ್ತೇವೆ. ಪರೀಕ್ಷೆಯ ದಿನ ಮಾತ್ರ ಗುಳಿಗೆ ನುಂಗಿ ಹೋಗುವವರೂ ಇದ್ದಾರೆ. ನೆರೆಯವರಿಗೆ ಬರೆದುಕೊಟ್ಟದ್ದನ್ನೇ ಅಂಗಡಿಯಿಂದ ತರಿಸಿಕೊಳ್ಳುವವರೂ ಇದ್ದಾರೆ.

ಈ ರೋಗ ಮೋಸ ಮಾಡುವುದೇ ಇಲ್ಲಿ. ರಕ್ತದೊತ್ತಡವು 140/90ನ್ನು ದಾಟಿದರೂ ಹೆಚ್ಚಿನವರಿಗೆ ಯಾವ ಬಾಧೆಯೂ ತಿಳಿಯದು. ಒಳಗೆ ಮಾತ್ರ ರಕ್ತನಾಳಗಳು ಪೆಡಸಾಗುತ್ತ ಹೃದಯ, ಮೆದುಳು, ಮೂತ್ರಪಿಂಡಗಳು ಹಾನಿಗೊಳ್ಳುತ್ತಿರುತ್ತವೆ. ಗುಳಿಗೆಯು ರೋಗವನ್ನು ಅಂಕೆಯಲ್ಲಿಡುತ್ತದೆಯೇ ಹೊರತು ಬೇರುಸಹಿತ ಕೀಳುವುದಿಲ್ಲ. ಬಿಟ್ಟರೆ ಒತ್ತಡ ಮತ್ತೆ ಏರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಜಗತ್ತಿನಲ್ಲಿ ಈ ರೋಗವಿರುವ ಐವರಲ್ಲಿ ಸುಮಾರು ಒಬ್ಬರಿಗೆ ಮಾತ್ರ ಅದು ಹತೋಟಿಯಲ್ಲಿದೆ. ಉಳಿದವರಲ್ಲಿ ನಮ್ಮ ಹೆತ್ತವರೂ ಇರಬಹುದು.

"ಅಲ್ಲಾಹನಿದ್ದಾನೆ, ದಿನವೂ ಗುಳಿಗೆ ಏಕೆ?" ಎಂದು ಕೆಲವರು ಕೇಳುತ್ತಾರೆ. ಮಾತು ಭಕ್ತಿಯದೇ, ಆದರೆ ತಿಳಿವಳಿಕೆ ಸರಿಯಲ್ಲ. ಚಿಕಿತ್ಸೆ ಪಡೆಯಿರೆಂದು ಪ್ರವಾದಿ(ಸ)ರವರೇ ಬೋಧಿಸಿದ್ದಾರೆ. ಸಿರಿಯಾದತ್ತ ಹೊರಟಿದ್ದ ಖಲೀಫಾ ಉಮರ್(ರ)ರವರು ಅಲ್ಲಿ ಪ್ಲೇಗ್ ಹಬ್ಬಿದೆಯೆಂದು ತಿಳಿದು ಸರ್ಗ್ ಎಂಬಲ್ಲಿಂದಲೇ ಮರಳಿದರು. ಇದು ವಿಧಿಯಿಂದ ಪಲಾಯನವಲ್ಲವೇ ಎಂದು ಅಬೂ ಉಬೈದಾ(ರ)ರವರು ಕೇಳಿದಾಗ, ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಸಾಗುತ್ತಿದ್ದೇವೆಂಬ ಅರ್ಥದ ಉತ್ತರವಿತ್ತರು. ರೋಗದಂತೆ ಔಷಧವೂ ಅವನ ವಿಧಿಯೇ. ದೇಹವು ನಮ್ಮ ಕೈಯಲ್ಲಿರುವ ಅಮಾನತು. ಅದನ್ನು ಕಾಯುವುದೂ ಕರ್ತವ್ಯವೇ.

ಈ ಕರ್ತವ್ಯವನ್ನು ರೋಗಿಯ ತಲೆಗೇ ಕಟ್ಟುವುದು ನ್ಯಾಯವಲ್ಲ. ಬೀಡಿ ಸುತ್ತುತ್ತ ಸಂಸಾರ ತೂಗಿಸುವ ತಾಯಿ ಮಗುವಿನ ಜ್ವರಕ್ಕೆ, ಗಂಡನ ಕೆಮ್ಮಿಗೆ ಆಸ್ಪತ್ರೆಯ ಸರದಿಯಲ್ಲಿ ನಿಲ್ಲುತ್ತಾಳೆ. ತನ್ನ ಗುಳಿಗೆ ಮುಗಿದದ್ದನ್ನು ಮಾತ್ರ ಹೇಳುವುದಿಲ್ಲ. ಒಂದು ದಿನದ ದುಡಿಮೆ ಹೋದೀತೆಂಬ ಅಳುಕು. ಆಕೆ ಪಾರ್ಶ್ವವಾಯುವಿಗೆ ತುತ್ತಾದ ದಿನ ಇಡೀ ಮನೆ ಕುಸಿಯುತ್ತದೆ. ತಿಂಗಳಿಗೊಮ್ಮೆ "ಅಮ್ಮಿ, ಗುಳಿಗೆ ಇದೆಯೇ?" ಎಂದು ಕೇಳುವ ಮಗ, ಆಕೆಯನ್ನು ಕೆ.ಆರ್. ಆಸ್ಪತ್ರೆಗೋ ಹತ್ತಿರದ ನಮ್ಮ ಕ್ಲಿನಿಕ್‌ಗೋ ಕರೆದೊಯ್ಯುವ ಪತಿ ನಮ್ಮ ಮನೆಗಳಲ್ಲಿರಬೇಕು. ಹಣದ ಚಿಂತೆಯಿದ್ದವರಿಗೆ ಜನೌಷಧಿ ಕೇಂದ್ರಗಳಿವೆ. ಅಡುಗೆಯಲ್ಲಿ ಉಪ್ಪನ್ನು ತಗ್ಗಿಸುವುದೂ ಮನೆಮಂದಿಯೆಲ್ಲರ ಕೆಲಸ. ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳಲ್ಲಿರುವುದೂ ಸೇರಿ ಒಬ್ಬರಿಗೆ ದಿನಕ್ಕೆ 5 ಗ್ರಾಮ್ ಮೀರಬಾರದು.

ರಮಝಾನಿನಲ್ಲಿ ಗುಳಿಗೆ ಬಿಡುವವರು ಬಹಳ. ದಿನಕ್ಕೊಮ್ಮೆ ನುಂಗುವ ಗುಳಿಗೆಯನ್ನು ಸಹರಿಗೋ ಇಫ್ತಾರಿಗೋ ಹೊಂದಿಸಲು ಸಾಮಾನ್ಯವಾಗಿ ಸಾಧ್ಯವಿದೆ. ತಿಂಗಳು ಆರಂಭವಾಗುವ ಮುನ್ನವೇ ವೈದ್ಯರನ್ನು ಕೇಳಬೇಕು. ಉಪವಾಸದಿಂದ ಅಪಾಯವಿದೆಯೆಂದು ಅವರು ಹೇಳಿದರೆ, ರೋಗಿಗೆ ಶರೀಅತ್ ನೀಡಿರುವ ರಿಯಾಯಿತಿಯನ್ನು ಸಂಕೋಚವಿಲ್ಲದೆ ಸ್ವೀಕರಿಸಬೇಕು.

ಮಸೀದಿಯ ಆಡಳಿತ ಸಮಿತಿಗಳೂ ಇತ್ತ ಗಮನ ಹರಿಸಲಿ. ತಿಂಗಳಿಗೊಂದು ಶುಕ್ರವಾರ ಜುಮಾ ನಮಾಝಿನ ಬಳಿಕ ರಕ್ತದೊತ್ತಡ ಅಳೆಯುವ ಏರ್ಪಾಡಾಗಲಿ. ಮಹಿಳೆಯರಿಗೆ ಮದ್ರಸದಲ್ಲಿ ಪ್ರತ್ಯೇಕ ಸಮಯವಿರಲಿ. ಐದು ಹೊತ್ತಿನ ನಮಾಝಿಗೆ ವೇಳೆ ಕಾಯ್ದುಕೊಳ್ಳುವ ಸಮುದಾಯಕ್ಕೆ ಒಂದು ಗುಳಿಗೆಯ ವೇಳೆ ಕಾಯುವುದು ಕಷ್ಟವಲ್ಲ. ದುಆಗೆ ಎತ್ತುವ ಕೈಯೇ ಗುಳಿಗೆಯನ್ನೂ ಎತ್ತಿಕೊಳ್ಳಲಿ. ಶಿಫಾ ನೀಡುವವನು ಅಲ್ಲಾಹನೇ.