ಆಟದ ಮಣೆ, ಮನೆಯ ಲೆಕ್ಕ

ಚೌಕಾಬಾರ ಆಡಲು ಹೆಚ್ಚೇನೂ ಬೇಕಿಲ್ಲ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ 25 ಮನೆ ಬರೆದು, ನಾಲ್ಕು ಕವಡೆಯೋ ಒಂದು ಬದಿ ಉಜ್ಜಿದ ಹುಣಸೆಬೀಜವೋ ಇದ್ದರೆ ಸಾಕು. ಅದಕ್ಕೆ ಪ್ರಕಾಶಕರು ಬೇಡ, ಅಂಗಡಿಯೂ ಬೇಡ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಹೊಸ ಮಣೆಯಾಟಗಳನ್ನು ರಚಿಸಿದರು. ಅವರ ಬೆನ್ನಿಗೆ ಅರಮನೆಯ ಬೊಕ್ಕಸವಿತ್ತು. ಆದರೆ ಸಾಮಾನ್ಯ ಸಂಸಾರವೊಂದು ಹೊಸ ಆಟವನ್ನು ತಾನೇ ತಯಾರಿಸಿ, ಪೆಟ್ಟಿಗೆಯಲ್ಲಿಟ್ಟು ಮಾರಲು ಹೊರಟರೆ? ಆಗ ಎರಡು ಲೆಕ್ಕ ಬೇಕಾಗುತ್ತವೆ. ಒಂದು ಹಣದ್ದು, ಇನ್ನೊಂದು ಮನೆಯವರ ಹೊತ್ತಿನದು. ಎರಡನೆಯದನ್ನು ಬರೆದಿಡುವವರು ಕಡಿಮೆ.

ಅಕ್ಷರದ ಬಿಲ್ಲೆಗಳಿಂದ ಪದ ಜೋಡಿಸುವ ‘ಸ್ಕ್ರ್ಯಾಬಲ್’ ಆಟದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ಆಲ್‌ಫ್ರೆಡ್ ಬಟ್ಸ್ ವಾಸ್ತುಶಿಲ್ಪಿ. 1931ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ ಅವರ ಕೆಲಸ ಹೋಯಿತು. ಮನೆಯಲ್ಲಿ ಕುಳಿತು ಅವರು ಪತ್ರಿಕೆಯ ಮುಖಪುಟದಲ್ಲಿ ಯಾವ ಅಕ್ಷರ ಎಷ್ಟು ಬಾರಿ ಬರುತ್ತದೆಂದು ಎಣಿಸಿದರು. ಆ ಎಣಿಕೆಯಿಂದಲೇ ಬಿಲ್ಲೆಗಳ ಸಂಖ್ಯೆ ನಿಗದಿಯಾಯಿತು. ಇಂದಿನ ಇಂಗ್ಲಿಷ್ ಸೆಟ್ಟಿನ 100 ಬಿಲ್ಲೆಗಳಲ್ಲಿ ‘ಇ’ 12 ಇದ್ದರೆ ‘ಝಡ್’ ಒಂದೇ. ಬಹುವಚನ ಮಾಡಿ ಸುಲಭವಾಗಿ ಗೆಲ್ಲಬಾರದೆಂದು ‘ಎಸ್’ ನಾಲ್ಕಕ್ಕೇ ನಿಂತಿತು. ಶಾಲಾ ಶಿಕ್ಷಕಿಯಾಗಿದ್ದ ಪತ್ನಿ ನೀನಾ ಆಟದಲ್ಲಿ ಗಂಡನನ್ನೇ ಸೋಲಿಸುತ್ತಿದ್ದರಂತೆ!

ದೊಡ್ಡ ಕಂಪನಿಗಳು ಆಟವನ್ನು ಬೇಡವೆಂದವು. ಬಟ್ಸ್ ಕೈಯಿಂದಲೇ ಒಂದಷ್ಟು ಸೆಟ್ ಮಾಡಿ ಮಾರಿದರು, ಲಾಭ ಬರಲಿಲ್ಲ. ಹಳೆಯ ವೃತ್ತಿಗೆ ಮರಳಿ ಸಂಸಾರ ನಡೆಸಿದರು. ಆದರೆ ಆಟವನ್ನು ಕೈಬಿಡಲಿಲ್ಲ.

1948ರಲ್ಲಿ ಜೇಮ್ಸ್ ಬ್ರೂನೊ ಎಂಬವರು, ಪ್ರತಿ ಸೆಟ್ಟಿಗೂ ಬಟ್ಸ್‌ಗೆ ಗೌರವಧನ ಕೊಡುವ ಒಪ್ಪಂದದ ಮೇಲೆ ತಯಾರಿಕೆ ವಹಿಸಿಕೊಂಡರು. ‘ಸ್ಕ್ರ್ಯಾಬಲ್’ ಎಂಬ ಹೆಸರು ಬಂದದ್ದು ಆಗಲೇ. ಬ್ರೂನೊ ದಂಪತಿ ಕನೆಕ್ಟಿಕಟ್ ರಾಜ್ಯದ ಹಳೆಯ ಶಾಲಾ ಕಟ್ಟಡವೊಂದರಲ್ಲಿ ಮರದ ಬಿಲ್ಲೆಗಳಿಗೆ ಅಕ್ಷರ ಒತ್ತುತ್ತಿದ್ದರು. ಸ್ನೇಹಿತರ ನೆರವೂ ಸೇರಿ ಗಂಟೆಗೆ 12 ಸೆಟ್ ಸಿದ್ಧವಾಗುತ್ತಿತ್ತು. 1949ರಲ್ಲಿ 2,400 ಸೆಟ್ ತಯಾರಾದವು. ವರ್ಷದ ಕೊನೆಗೆ ಉಳಿದದ್ದು 450 ಡಾಲರ್ ನಷ್ಟ.

ವಿದ್ಯಾರ್ಥಿಗಳೇ, ಪೆನ್ಸಿಲ್ ತೆಗೆದುಕೊಳ್ಳಿ. 450ನ್ನು 2,400ರಿಂದ ಭಾಗಿಸಿದರೆ ಸೆಟ್ ಒಂದಕ್ಕೆ ಸುಮಾರು 19 ಸೆಂಟ್ ನಷ್ಟ. ಇದು ಹಣದ ಲೆಕ್ಕ. ಗಂಟೆಗೆ 12ರಂತೆ 2,400 ಸೆಟ್ಟಿಗೆ 200 ಗಂಟೆ. ದಿನಕ್ಕೆ ಎರಡು ಗಂಟೆ ಕುಳಿತರೆ 100 ಸಂಜೆ! ಸಾಮಾನು ತರುವುದು, ಕಟ್ಟಿ ಕಳಿಸುವುದು, ಪತ್ರ ಬರೆಯುವುದು ಇದರಲ್ಲಿ ಸೇರಿಲ್ಲ. ಇದು ಮನೆಯ ಲೆಕ್ಕ.

1952ರಲ್ಲಿ ಬೇಡಿಕೆ ಒಮ್ಮೆಗೇ ಏರಿತು. ನ್ಯೂಯಾರ್ಕಿನ ದೊಡ್ಡ ಅಂಗಡಿ ‘ಮೇಸೀಸ್’ನ ಮುಖ್ಯಸ್ಥರು ರಜೆಯಲ್ಲಿ ಈ ಆಟವಾಡಿ ಮೆಚ್ಚಿದ್ದೇ ಕಾರಣ ಎನ್ನುತ್ತಾರೆ. ಮನೆಮಂದಿಯಿಂದ ಪೂರೈಸಲಾಗದೆ ಬ್ರೂನೊ ತಯಾರಿಕೆಯನ್ನು ‘ಸೆಲ್ಚೌ ಅಂಡ್ ರೈಟರ್’ ಕಂಪನಿಗೆ ಒಪ್ಪಿಸಿದರು. ಹಿಂದೆ ಈ ಆಟವನ್ನು ನಿರಾಕರಿಸಿದ್ದ ಕಂಪನಿಗಳಲ್ಲಿ ಅದೂ ಒಂದು. 1954ರಲ್ಲಿ ಸುಮಾರು 40 ಲಕ್ಷ ಸೆಟ್ ಮಾರಾಟವಾದವು. ಗಂಟೆಗೆ 12ರಂತೆ ಅಷ್ಟನ್ನು ಮಾಡಲು, ಹಗಲೂ ರಾತ್ರಿ ಬಿಡದೆ ದುಡಿದರೂ 38 ವರ್ಷ ಬೇಕಿತ್ತು. ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ್ದು ಸೋಲಲ್ಲ, ಅಳತೆ ಅರಿತದ್ದು.

ಈ ಮಾತು ನಮ್ಮ ಸೀಮೆಗೂ ಹೊಸದಲ್ಲ. ಹೊಳಲ್ಕೆರೆ, ಹೊಸದುರ್ಗದ ಕಡೆ ಅಡಿಕೆ ಸುಲಿಯುವ ಕಾಲ ಬಂದರೆ, ಮೊಳಕಾಲ್ಮುರಿನ ಮಗ್ಗದ ಮನೆಗಳಲ್ಲಿ ವರ್ಷವಿಡೀ, ಮನೆಯೇ ಕಾರ್ಖಾನೆ. ನೂಲು ಸುತ್ತುವ ಅಜ್ಜಿಯ ಹೊತ್ತು, ಅಡುಗೆ ಮುಗಿಸಿ ಬಂದು ಕೂರುವ ತಾಯಿಯ ಹೊತ್ತು, ಶಾಲೆಯಿಂದ ಬಂದ ಮಕ್ಕಳ ಹೊತ್ತು ಯಾವ ಪುಸ್ತಕಕ್ಕೂ ಏರುವುದಿಲ್ಲ. ಖರ್ಚೆಂದು ಬರೆಯದ್ದು ಪುಕ್ಕಟೆಯಾಗಿ ಕಾಣುತ್ತದೆ. ಬೆಲೆ ಕಟ್ಟುವಾಗ ಅದು ಬಿಟ್ಟುಹೋಗುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ನೆನಪಾಗುತ್ತದೆ. ಮನೆಯಲ್ಲಿ ಉದ್ಯೋಗ ಮಾಡುವ ಪಾಲಕರು ಗೋಡೆಯ ಕ್ಯಾಲೆಂಡರಿನಲ್ಲಿ ಹಣದ ಜೊತೆಗೆ ಗಂಟೆಗಳನ್ನೂ ಬರೆದಿಟ್ಟರೆ, ಎಲ್ಲಿ ನಿಲ್ಲಿಸಬೇಕು, ಯಾವುದಕ್ಕೆ ಕೂಲಿಯವರು ಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಮಕ್ಕಳು ಹೀಗೆ ಮಾಡಿ ನೋಡಬಹುದು. ಕನ್ನಡ ಪತ್ರಿಕೆಯ ಒಂದು ಪುಟದಲ್ಲಿ ಅಕ್ಷರಗಳನ್ನು ಎಣಿಸಿ. ಕಾಗುಣಿತ, ಒತ್ತಕ್ಷರಗಳಿಂದಾಗಿ ಇಂಗ್ಲಿಷಿನ 100 ಬಿಲ್ಲೆ ನಮಗೆ ಸಾಲವು. ‘ಕ’ ಒಂದಕ್ಕೇ ಎಷ್ಟೊಂದು ರೂಪ! ಸ್ವರಚಿಹ್ನೆಗಳಿಗೆ ಬೇರೆ ಬಿಲ್ಲೆ ಇಡಬಹುದೆ? ಯೋಚಿಸಿ, ರಟ್ಟಿನಲ್ಲಿ ಒಂದು ಸೆಟ್ ಕತ್ತರಿಸಿ, ಮನೆಯವರೊಡನೆ ಆಡಿ. ಕತ್ತರಿಸಲು ಕೂರುವಾಗ ಮತ್ತು ಏಳುವಾಗ ಗಡಿಯಾರ ನೋಡಲು ಮಾತ್ರ ಮರೆಯಬೇಡಿ. ಆ ಹೊತ್ತನ್ನು ನೂರರಿಂದ ಗುಣಿಸಿ ಅಪ್ಪ, ಅಮ್ಮನಿಗೆ ತೋರಿಸಿ.