ಎಫ್ ಕೀಲಿಯನ್ನು ಅಲುಗಾಡಿಸಬೇಡಿ

ಹೋದ ಮಳೆಗಾಲದ ಒಂದು ಭಾನುವಾರ ಡೊಂಬಿವಲಿಯ ಮನೆಯಲ್ಲಿ ಕೂತು ಅಮ್ಮನ ಬಗ್ಗೆ ನಾಲ್ಕು ಸಾಲು ಬರೆಯೋಣವೆಂದು ಹೊರಟೆ. ಮುಂದೆ ಇದ್ದದ್ದು ಹೊಸ ಕೀಲಿಮಣೆ. ಎಡಗೈಗೊಂದು ತುಂಡು, ಬಲಗೈಗೊಂದು ತುಂಡು, ನಡುವೆ ಒಂದು ವಯರು. ‘ಅಮ್ಮ’ ಎಂದು ಒತ್ತಿದರೆ ತೆರೆಯ ಮೇಲೆ ‘ಅಮಂ’ ಎಂದು ಬಂತು. ಬೆರಳು ತಪ್ಪಿರಬೇಕೆಂದು ಅಳಿಸಿದೆ. ಮುಂದಿನ ಸಾಲಿನಲ್ಲಿ ಅಪ್ಪ ‘ಅಪಫ’ ಆದರು, ಅಕ್ಕ ‘ಅಕಖ’ ಆದಳು. ಒಂದೇ ಕೀಲಿ ಇಡೀ ಸಂಸಾರವನ್ನು ಕೆಡಿಸಿತ್ತು.

ಆ ಕೀಲಿ ಎಫ್. ನುಡಿ ಎಂಬ ಕನ್ನಡ ತಂತ್ರಾಂಶದ ವಿನ್ಯಾಸದಲ್ಲಿ ಟೈಪ್ ಮಾಡುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲಿ ಒತ್ತಕ್ಷರ ಹುಟ್ಟುವುದೇ ಎಫ್‌ನಿಂದ. ಎಮ್, ಎಫ್, ಎಮ್ ಒತ್ತಿದರೆ ‘ಮ್ಮ’. ನಾನು ಮಾತ್ರ ಹೊಸ ಉತ್ಸಾಹದಲ್ಲಿ ಅದೇ ಎಫ್‌ಗೆ ಇನ್ನೊಂದು ಕೆಲಸ ಅಂಟಿಸಿದ್ದೆ: ಮುಟ್ಟಿ ಬಿಟ್ಟರೆ ಎಫ್, ಒತ್ತಿ ಹಿಡಿದರೆ ಶಿಫ್ಟ್. ಮುಟ್ಟಿದ್ದು ಯಾವಾಗ ಹಿಡಿದದ್ದಾಗುತ್ತದೆ ಎಂಬುದಕ್ಕೆ ಕ್ಯೂಎಂಕೆ ಎಂಬ ತಂತ್ರಾಂಶ 200 ಮಿಲಿಸೆಕೆಂಡಿನ ಗಡಿ ಹಾಕಿಕೊಟ್ಟಿರುತ್ತದೆ. ನನ್ನ ಎಡಗೈ ತೋರುಬೆರಳು ಒತ್ತಿನ ಮೇಲೆ ಸ್ವಲ್ಪ ಭಾರ ಬಿಟ್ಟು ಕೂರುವ ಜಾತಿಯದು. ಗಡಿ ದಾಟಿತು, ಮುಂದಿನ ಎಮ್ ಶಿಫ್ಟಿನ ಜೊತೆ ಸೇರಿ ಸೊನ್ನೆಯಾಯಿತು.

ಈ ಏರ್ಪಾಟು ನನ್ನ ತಲೆಯಿಂದ ಬಂದದ್ದಲ್ಲ. ತುಂಡು ಕೀಲಿಮಣೆ ಕೊಂಡವರೆಲ್ಲ ಮೊದಲ ವಾರದಲ್ಲೇ ಕಲಿಯುವ ಪಾಠ ಇದು. ಎ, ಎಸ್, ಡಿ, ಎಫ್ ಇರುವ ನಡುಸಾಲಿನಲ್ಲೇ ಶಿಫ್ಟ್, ಕಂಟ್ರೋಲ್, ಆಲ್ಟ್ ಅಡಗಿಸಿಟ್ಟರೆ ಕಿರುಬೆರಳು ಮೂಲೆಗೆ ಓಡಬೇಕಾಗಿಲ್ಲ. ತರ್ಕ ಸರಿಯಾಗಿಯೇ ಇದೆ. ಇಂಗ್ಲಿಷಿನಲ್ಲಿ ಎಫ್ ನೂರು ಅಕ್ಷರಕ್ಕೆ ಎರಡರ ಆಸುಪಾಸಿನಲ್ಲಿ ಬರುವ ಬಡಪಾಯಿ, ಅದಕ್ಕೆ ಎರಡನೇ ನೌಕರಿ ಹಚ್ಚಿದರೆ ಯಾರಿಗೂ ತೊಂದರೆಯಿಲ್ಲ. ಕನ್ನಡದಲ್ಲಿ? ಮೇಲೆ ‘ಒಂದೇ ಕೀಲಿ ಇಡೀ ಸಂಸಾರವನ್ನು ಕೆಡಿಸಿತ್ತು’ ಎಂದು ಬರೆದೆನಲ್ಲ, ಐದು ಪದದ ಆ ವಾಕ್ಯಕ್ಕೇ ಎರಡು ಸಲ ಎಫ್ ಬೇಕಾಯಿತು.

ಐರೋಲಿಯ ಕಚೇರಿಯಲ್ಲಿ ನನ್ನ ಪಕ್ಕದಲ್ಲಿ ಕೂರುವ ಗೆಳೆಯ ಉಡುಪಿ ಕಡೆಯವನು, ಕೀಲಿಮಣೆಯ ವಿಷಯದಲ್ಲಿ ಕಟ್ಟಾ ಸುಧಾರಕ. “ಎಂತ ಮಾರಾಯ, ನೀನಿನ್ನೂ ಕ್ವರ್ಟಿಯಲ್ಲೇ ಉಂಟಾ?” ಎನ್ನುತ್ತಾನೆ. ನನ್ನದು ಎಲ್ಲರ ಕೀಲಿಮಣೆಯಲ್ಲೂ ಇರುವ ಆ ಸಾದಾ ಕ್ರಮ, ಅವನದು ಕೋಲ್‌ಮ್ಯಾಕ್. 2006ರಲ್ಲಿ ಶಾಯ್ ಕೋಲ್‌ಮನ್ ಎಂಬಾತ ರೂಪಿಸಿದ ವಿನ್ಯಾಸ, ಕ್ವರ್ಟಿಯ ಹದಿನೇಳು ಕೀಲಿಗಳನ್ನು ಅದು ಕದಲಿಸುತ್ತದೆ. ತುಂಡು ಕೀಲಿಮಣೆ ಕೊಂಡ ಮೇಲೆ ಅಕ್ಷರವನ್ನೂ ಬದಲಿಸದಿದ್ದರೆ ಮದುವೆಗೆ ಹೋಗಿ ಊಟ ಮಾಡದೆ ಬಂದ ಹಾಗೆ ಎಂಬುದು ಅವನ ನಿಲುವು. ನಾನು ಊಟ ಮಾಡದೆ ಬಂದವನು. ಯಾಕೆಂದು ಹೇಳುವುದಕ್ಕೇ ಈ ಬರಹ.

ಅವನ ಪಕ್ಷದಲ್ಲಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಕ್ವರ್ಟಿ ಯಾರ ಬೆರಳಿನ ಸುಖಕ್ಕೂ ಹುಟ್ಟಿದ್ದಲ್ಲ. ಕ್ರಿಸ್ಟೋಫರ್ ಶೋಲ್ಸ್ ಕಟ್ಟಿದ ಯಂತ್ರವನ್ನು 1874ರಲ್ಲಿ ರೆಮಿಂಗ್ಟನ್ ಕಂಪನಿ ಮಾರುಕಟ್ಟೆಗೆ ತಂದಾಗ ಅಂಟಿಕೊಂಡ ಕ್ರಮ ಅದು. ಕೀಲಿಗಳ ಸಾಲು ಇಂದಿಗೂ ಓರೆಯಾಗಿರುವುದು ಅಂದಿನ ಸನ್ನೆಕೋಲುಗಳ ನೆನಪಿಗೆ, ಸನ್ನೆಕೋಲು ಹೋಯಿತು, ಓರೆ ಉಳಿಯಿತು. ಕೋಲ್‌ಮ್ಯಾಕ್‌ನಿಂದ ಕನ್ನಡಕ್ಕೆ ಲಾಭವೇ ಇಲ್ಲ ಎಂದೂ ಹೇಳಲಾರೆ. ರ, ತ, ನ ನಡುಸಾಲಿಗೆ ಬಂದು, ಅಲ್ಲೇ ಇದ್ದ ಸ, ದ, ಹಗಳ ಜೊತೆ ಸೇರುತ್ತವೆ. ನಡುಸಾಲಿನಲ್ಲಿ ಇಷ್ಟು ವ್ಯಂಜನಗಳ ಸಭೆ ಸೇರುವುದು ಸಣ್ಣ ಮಾತಲ್ಲ.

ಆದರೆ ಸಭೆಯ ಅಧ್ಯಕ್ಷರೇ ಎದ್ದು ಹೋಗುತ್ತಾರೆ. ಕ್ವರ್ಟಿಯಲ್ಲಿ ಎಫ್ ಇರುವುದು ಎಡ ತೋರುಬೆರಳು ವಿಶ್ರಮಿಸುವ ಜಾಗದಲ್ಲಿ, ಕಣ್ಣು ಮುಚ್ಚಿದರೂ ಸಿಗಲೆಂದು ಸಣ್ಣ ಗೀಟು ಉಬ್ಬಿಸಿರುವ ಕೀಲಿಯ ಮೇಲೆ. ಕನ್ನಡದ ಒತ್ತಿಗೆ ಇದಕ್ಕಿಂತ ಒಳ್ಳೆಯ ಪೀಠ ಕೀಲಿಮಣೆಯಲ್ಲಿ ಇಲ್ಲ. ಕೋಲ್‌ಮ್ಯಾಕ್ ಅದನ್ನು ಮೇಲಿನ ಸಾಲಿನಲ್ಲಿ ಕ್ವರ್ಟಿಯ ಇ ಇದ್ದ ಜಾಗಕ್ಕೆ ಏರಿಸುತ್ತದೆ. 1936ರಲ್ಲಿ ಪೇಟೆಂಟ್ ಪಡೆದ ಡ್ವೊರಾಕ್ ವಿನ್ಯಾಸ ಇನ್ನೂ ಕ್ರೂರಿ, ಬಲಗೈ ತೋರುಬೆರಳನ್ನು ಕ್ವರ್ಟಿಯ ವೈ ತನಕ ಚಾಚಿಸುತ್ತದೆ. ಕೋಲ್‌ಮ್ಯಾಕ್‌ನಲ್ಲಿ ಕೆ ಕೂಡ ಕೆಳಸಾಲಿಗೆ, ಕ್ವರ್ಟಿಯ ಎನ್ ಜಾಗಕ್ಕೆ ಇಳಿಯುತ್ತದೆ. ‘ಅಕ್ಕ’ ಬರೆಯಲು ಕೆಳಗೆ, ಮೇಲೆ, ಮತ್ತೆ ಕೆಳಗೆ ಹತ್ತಿಳಿಯಬೇಕು.

ಗೆಳೆಯ ಇದಕ್ಕೂ ಉತ್ತರ ಇಟ್ಟುಕೊಂಡಿದ್ದಾನೆ. ಕೀಲಿಮಣೆಯ ಒಳಗೆ ಬದಲಿಸಬೇಡ, ಕಂಪ್ಯೂಟರಿನಲ್ಲಿ ಬದಲಿಸು, ಕನ್ನಡಕ್ಕೆ ಹೋದಾಗ ಎಲ್ಲ ಹಳೆಯ ಜಾಗಕ್ಕೆ ಬರುತ್ತದೆ ಎನ್ನುತ್ತಾನೆ. ಬರುತ್ತದೆ, ಒಪ್ಪಿದೆ. ಆದರೆ ಆಗ ಇಂಗ್ಲಿಷಿನ ಕೆ ಒಂದು ಕಡೆ, ಕನ್ನಡದ ಕ ಇನ್ನೊಂದು ಕಡೆ. ನುಡಿ ವಿನ್ಯಾಸ ನಮ್ಮ ಕೈಗೆ ಅಷ್ಟು ಬೇಗ ಹತ್ತಿದ್ದೇ ಸದ್ದು ಮತ್ತು ಜಾಗ ಒಂದೇ ಆಗಿದ್ದರಿಂದ. ಆ ಗಂಟು ಬಿಚ್ಚಿದ ಮೇಲೆ ಎರಡು ನಕ್ಷೆ ತಲೆಯಲ್ಲಿಟ್ಟುಕೊಂಡು ತಿರುಗಬೇಕು. ಐರೋಲಿಯಲ್ಲಿ ಇಳಿಯಬೇಕಾದವನು ರಬಾಳೆಗೆ ಹೋಗಿ ವಾಪಸು ಬರುವ ಕಥೆ.

ಈ ವಿನ್ಯಾಸ ಮಾಡಿದ ಕೆ.ಪಿ. ರಾವ್ ಅವರನ್ನು ಇಲ್ಲಿ ನೆನೆಯದೆ ಮುಂದೆ ಹೋಗುವುದು ಸರಿಯಲ್ಲ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರು, ನಮ್ಮ ನಿಮ್ಮ ಹಾಗೆ ಮುಂಬೈಗೆ ಬಂದು ದುಡಿದವರು. ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ಕನ್ನಡ ತಂತ್ರಾಂಶ ಮಾಡಿ ಪುಕ್ಕಟೆ ಹಂಚಿದರು. ಅವರ ವಿನ್ಯಾಸವೇ ಮುಂದೆ ನುಡಿಯ ಮೂಲಕ ಕರ್ನಾಟಕ ಸರ್ಕಾರದ ಅಧಿಕೃತ ವಿನ್ಯಾಸವಾಯಿತು. ಅವರ ಜಾಣತನದ ತಿರುಳು ಇಷ್ಟು: ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಕೀಲಿಗಳಲ್ಲೇ ಕನ್ನಡವನ್ನು ಮುಗಿಸಿದರು. ಕಾಗುಣಿತಕ್ಕೆ ಬೇರೆ ಕೀಲಿಯಿಲ್ಲ, ಒತ್ತಿಗೆ ಅರ್ಧಾಕ್ಷರಗಳ ಸಂತೆಯಿಲ್ಲ, ಒಂದು ಎಫ್ ಸಾಕು. ಈಗ ನನ್ನ ಮೇಜಿನ ಮೇಲಿರುವ ಕೋರ್ನೆ ಕೀಲಿಮಣೆಯಲ್ಲಿ ಒಟ್ಟು 42 ಕೀಲಿ. ಕಡಿಮೆ ಕೀಲಿಯಲ್ಲಿ ಬದುಕುವುದು ಹೊಸ ಫ್ಯಾಶನ್ನು ಎಂದು ಹುಡುಗರು ಬೀಗುತ್ತಾರೆ. ಕನ್ನಡಕ್ಕೆ ಅದನ್ನು ಹಿರಿಯರೊಬ್ಬರು ಎಂದೋ ಮಾಡಿಟ್ಟಿದ್ದಾರೆ.

ಇನ್‌ಸ್ಕ್ರಿಪ್ಟ್ ಪಕ್ಷದವರಿಗೆ ಇಲ್ಲಿ ಒಂದು ಒಳ್ಳೆಯ ವಾದವಿದೆ, ಕಲ್ಯಾಣ-ಡೊಂಬಿವಲಿಯಲ್ಲಂತೂ ಅದನ್ನು ತಳ್ಳಿಹಾಕುವಂತಿಲ್ಲ. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ತಂದ ಆ ವಿನ್ಯಾಸದಲ್ಲಿ ಸ್ವರಗಳು ಹೆಚ್ಚಾಗಿ ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ತುಂಡು ಕೀಲಿಮಣೆಗೆಂದೇ ಹೇಳಿ ಮಾಡಿಸಿದ ಹಾಗಿದೆ. ಕನ್ನಡದ ಕ ಎಲ್ಲಿದೆಯೋ ಮರಾಠಿಯ ಕ ಅಲ್ಲೇ. ಮನೆಯಲ್ಲಿ ಕನ್ನಡ, ಸೊಸೈಟಿಯ ನೋಟಿಸಿಗೆ ಮರಾಠಿ ಬರೆಯುವ ನಮ್ಮಂಥವರಿಗೆ ಒಂದೇ ಕಲಿಕೆಯಲ್ಲಿ ಎರಡು ಭಾಷೆ. ಆದರೆ ಅದರ ಡ ಕೂತಿರುವುದು ಪಿ ಪಕ್ಕದ ಚೌಕ ಬ್ರಾಕೆಟ್ಟಿನ ಮೇಲೆ. ಕೋರ್ನೆಯಂಥ ಪುಟ್ಟ ಕೀಲಿಮಣೆಯ ಮೊದಲ ಪದರದಲ್ಲಿ ಆ ಕೀಲಿಯೇ ಇಲ್ಲ, ಬೇರೆ ಕೀಲಿ ಹಿಡಿದು ಇನ್ನೊಂದು ಪದರಕ್ಕೆ ಇಳಿದು ತರಬೇಕು. ‘ಕನ್ನಡ’ ಎಂದು ಬರೆಯುವುದಕ್ಕೇ ನೆಲಮಾಳಿಗೆಗೆ ಹೋಗಿ ಬರಬೇಕು ಎಂದ ಮೇಲೆ ನನಗೆ ಆಸೆ ಹೋಯಿತು. ದೊಡ್ಡ ತುಂಡು ಕೀಲಿಮಣೆ ಇರುವವರು ಬೇಕಾದರೆ ಪ್ರಯತ್ನಿಸಲಿ.

ಇನ್ನು ಕೋಡ್ ಬರೆಯುವ ಮಾತು. ಅಕ್ಷರ ಬದಲಿಸಿದರೆ ವೇಗ ಹೆಚ್ಚುತ್ತದೆ ಎಂಬ ನಂಬಿಕೆ ಹಳೆಯದು, ಅದರ ಮೇಲಿನ ಜಗಳವೂ ಹಳೆಯದು. ಡ್ವೊರಾಕ್ ಪರವಾಗಿ ಅಮೆರಿಕದ ನೌಕಾಪಡೆಯ ಪರೀಕ್ಷೆಯನ್ನು ಎಲ್ಲರೂ ಎತ್ತಿ ತೋರಿಸುತ್ತಿದ್ದರು. 1956ರಲ್ಲಿ ಅಲ್ಲಿನ ಸರ್ಕಾರಕ್ಕಾಗಿಯೇ ಅರ್ಲ್ ಸ್ಟ್ರಾಂಗ್ ನಡೆಸಿದ ಪರೀಕ್ಷೆಯಲ್ಲಿ ಆ ಮೇಲುಗೈ ಕಾಣಲಿಲ್ಲ. 1990ರಲ್ಲಿ ಲೀಬೋವಿಟ್ಸ್ ಮತ್ತು ಮಾರ್ಗೋಲಿಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇಡೀ ಕಥೆಯನ್ನೇ ಜಾಲಾಡಿದರು. ಅದು ಹಾಗಿರಲಿ. ಕೋಡ್ ಬರೆಯುವವನಿಗೆ ವೇಗದ ಕೊರತೆ ಇರುವುದು ಬೆರಳಿನಲ್ಲಲ್ಲ. ಐದು ನಿಮಿಷ ತೆರೆ ನೋಡಿ, ಅರ್ಧ ಸಾಲು ಬರೆದು, ಮೂರು ಸಾಲು ಅಳಿಸುವ ಕೆಲಸ ನಮ್ಮದು. ಉದ್ದನೆಯ ಹೆಸರುಗಳನ್ನು ಎಡಿಟರ್ ತಾನೇ ತುಂಬಿಸಿಕೊಡುತ್ತದೆ.

ನಿಜವಾಗಿ ಸಾಯುವುದು ಕಿರುಬೆರಳು, ಅದರಲ್ಲೂ ಬಲಗೈಯದು. ಬ್ರಾಕೆಟ್, ಕೊಟೇಶನ್ನು, ಅಂಡರ್‌ಸ್ಕೋರ್, ಎಂಟರ್, ಬ್ಯಾಕ್‌ಸ್ಪೇಸ್ ಎಲ್ಲ ಅದರ ಪಾಲಿಗೆ. ಮನೆಯಲ್ಲಿ ಕಿರಿಯ ಸೊಸೆಗೆ ಎಲ್ಲ ಕೆಲಸ ಬಿದ್ದ ಹಾಗೆ. ಇತ್ತ ಹೆಬ್ಬೆರಳುಗಳು ಎರಡೂ ಸೇರಿ ಒಂದು ಸ್ಪೇಸ್ ಬಾರಿನ ಮೇಲೆ ಒರಗಿಕೊಂಡಿರುತ್ತವೆ. (ಓದು ಬಾರದವರನ್ನು ಹೆಬ್ಬೆಟ್ಟು ಎಂದು ಹಳಿದ ಸಮಾಜ ನಮ್ಮದು. ಏಕಲವ್ಯನಿಂದ ಕೇಳಿ ತೆಗೆದುಕೊಂಡದ್ದು ಮಾತ್ರ ಅದೇ ಬೆರಳು.) ತುಂಡು ಕೀಲಿಮಣೆಯ ದೊಡ್ಡ ಉಪಕಾರ ಹೆಬ್ಬೆರಳಿಗೆ ಮೂರು ಮೂರು ಕೀಲಿ ಕೊಟ್ಟದ್ದು.

ಹಾಗಾಗಿ ನಾನು ಬದಲಿಸಿದ್ದು ಇಷ್ಟೇ. ಶಿಫ್ಟ್ ಈಗ ಎಡ ಹೆಬ್ಬೆರಳಿನಲ್ಲಿ. ಸ್ಪೇಸ್, ಎಂಟರ್, ಬ್ಯಾಕ್‌ಸ್ಪೇಸ್ ಮೂರೂ ಬಲ ಹೆಬ್ಬೆರಳಿನಲ್ಲಿ. ಎಡ ಹೆಬ್ಬೆರಳಿನ ಇನ್ನೊಂದು ಕೀಲಿ ಹಿಡಿದುಕೊಂಡರೆ ಬಲಗೈಯ ಜೆ, ಕೆ ದುಂಡು ಬ್ರಾಕೆಟ್ಟಾಗುತ್ತವೆ, ಮೇಲಿನ ಯು, ಐ ಕರ್ಲಿ ಬ್ರಾಕೆಟ್ಟು, ಕೆಳಗಿನ ಎಮ್ ಮತ್ತು ಅಲ್ಪವಿರಾಮ ಚೌಕ ಬ್ರಾಕೆಟ್ಟು. ತೆರೆಯುವುದು ತೋರುಬೆರಳು, ಮುಚ್ಚುವುದು ನಡುಬೆರಳು. ಎರಡು ದಿನದಲ್ಲಿ ಕೈಗೆ ಹತ್ತಿತು. ಅಕ್ಷರ ಒಂದೂ ಕದಲಲಿಲ್ಲ, ಎಫ್ ಬರೀ ಎಫ್. ಕಚೇರಿಯ ಸಾದಾ ಕೀಲಿಮಣೆಗೆ ಹೋದಾಗ ಬ್ರಾಕೆಟ್ಟಿಗೆ ತಡಕಾಡುತ್ತೇನೆ ನಿಜ, ಪದಕ್ಕೆ ತಡಕಾಡುವುದಿಲ್ಲ.

ನೋವಿನ ಮಾತೂ ಒಂದಿಷ್ಟು. ಗೆಳೆಯ ಕೋಲ್‌ಮ್ಯಾಕ್‌ಗೆ ಹೋದ ಮೇಲೆ ಮಣಿಕಟ್ಟಿನ ನೋವು ಹೋಯಿತಂತೆ. ಸಂತೋಷ. ಆದರೆ ಅವನು ಅದೇ ತಿಂಗಳು ಕೀಲಿಮಣೆಯನ್ನು ಎರಡು ತುಂಡು ಮಾಡಿ ಹೆಗಲಗಲಕ್ಕೆ ಇಟ್ಟುಕೊಂಡ, ಕುರ್ಚಿ ಎತ್ತರಿಸಿದ, ಹೊಸ ಅಕ್ಷರ ಬಾರದ್ದರಿಂದ ಅರ್ಧ ವೇಗದಲ್ಲಿ ಟೈಪ್ ಮಾಡಿದ. ನಾಲ್ಕು ಮದ್ದು ಒಟ್ಟಿಗೆ ಕುಡಿದು ಒಂದಕ್ಕೇ ಹೂಮಾಲೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ನಾನು ಅಕ್ಷರ ಮುಟ್ಟದೆ ತುಂಡುಗಳನ್ನಷ್ಟೇ ದೂರ ಸರಿಸಿದೆ, ಹೆಗಲು ಬಿಗಿಯುವುದು ನನಗೂ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ. ಮೂವರ ಬೆಂಚಿನಲ್ಲಿ ನಾಲ್ಕನೆಯವನಾಗಿ ಅರ್ಧ ತೊಡೆಯ ಮೇಲೆ ಕೂತು ಥಾಣೆ ತನಕ ಬಂದು, ಅಲ್ಲಿ ಮೆಟ್ಟಿಲು ಹತ್ತಿಳಿದು, ಟ್ರಾನ್ಸ್ ಹಾರ್ಬರ್ ಗಾಡಿಯಲ್ಲಿ ಹಿಡಿಕೆಗೆ ಜೋತುಬಿದ್ದು ಐರೋಲಿಯಲ್ಲಿ ಇಳಿಯುವವನ ಬೆನ್ನುನೋವಿಗೆ ಯಾವ ವಿನ್ಯಾಸ ಏನು ಮಾಡೀತು?

ಬದಲಿಸುವವರನ್ನು ತಡೆಯುವ ಇರಾದೆ ನನಗಿಲ್ಲ. ಬೆಸುಗೆ ಕಡ್ಡಿ ಹಿಡಿದು ಲ್ಯಾಮಿಂಗ್ಟನ್ ರಸ್ತೆಯಿಂದ ತಂದ ತಂತಿ ಕರಗಿಸುವ ಸುಖ ನಾನೂ ಉಂಡವನು. ಆ ವಿನ್ಯಾಸಗಳು ಎಣಿಸಿದ್ದು ಇಂಗ್ಲಿಷಿನ ಅಕ್ಷರಗಳನ್ನು, ನಮ್ಮ ಒತ್ತನ್ನಲ್ಲ, ನನ್ನ ತಕರಾರು ಅಷ್ಟೇ. ಸಿಯಾಟಲ್ಲಿನಲ್ಲೋ ಇನ್ನೆಲ್ಲೋ ಕೂತವರು ನಮ್ಮ ಒತ್ತನ್ನು ಎಣಿಸಬೇಕಾಗಿಯೂ ಇರಲಿಲ್ಲ. ಎಣಿಸಬೇಕಾದವರು ನಾವು. ನಿಮ್ಮ ಕೀಲಿಮಣೆಗೆ ಹೊಸ ನಕ್ಷೆ ತುಂಬಿಸಿದ ಕೂಡಲೇ ಕೋಡ್ ತೆರೆಯಬೇಡಿ. ಮೊದಲು ನುಡಿ ತೆರೆದು, ಎಂದಿನ ವೇಗದಲ್ಲೇ, ಅಮ್ಮ, ಅಪ್ಪ, ಅಕ್ಕ, ಅಣ್ಣ ಎಂದು ಹತ್ತು ಸಲ ಬರೆದು ನೋಡಿ.